ನಾಕಾದ ಈಚೆ, ನಾಕಾದ ಆಚೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ಕನ್ನಡಿಗರ ಹಳೆಯ ಅನುಭವ. ಸುಂಕವನ್ನು ಬಿಟ್ಟುಕೊಟ್ಟು ವ್ಯಾಪಾರವನ್ನು ಬರಮಾಡಿಕೊಳ್ಳುವ ಪದ್ಧತಿಯೂ ಅಷ್ಟೇ ಹಳೆಯದು. ಹೊಸ ಪೇಟೆಯಲ್ಲಿ ಬಂದು ನೆಲೆಸುವವರಿಗೆ ತೆರಿಗೆಯಲ್ಲಿ ಮಾಫಿ ನೀಡಿದುದನ್ನು ವಿಜಯನಗರ ಕಾಲದ ಶಾಸನಗಳು ಹೇಳುತ್ತವೆ. ಇಂದಿನ ಸರಕಾರಗಳು ‘ಪ್ರೋತ್ಸಾಹಕ ಯೋಜನೆ’ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ತೆರಿಗೆ ಬಿಟ್ಟರೆ ಉದ್ದಿಮೆ ಬರುತ್ತದೆ, ಉದ್ದಿಮೆಯ ಬೆನ್ನಿಗೆ ಕೆಲಸ ಬರುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂದು ಪರೀಕ್ಷಿಸಲು ಮುಂಬಯಿಯ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಠಾಣೆಯನ್ನು ದಾಟಿ ಭಿವಂಡಿಯವರೆಗೆ ಹೋದರೆ ಸಾಕು.

ಮುಂಬಯಿ ಮಹಾನಗರಪಾಲಿಕೆಯು 1965ರಿಂದ 2017ರವರೆಗೆ ಆಕ್ಟ್ರಾಯ್ ವಸೂಲು ಮಾಡುತ್ತಿತ್ತು. ನಗರದೊಳಗೆ ಬಳಕೆಗೆ ಅಥವಾ ಮಾರಾಟಕ್ಕೆಂದು ಬರುವ ಸರಕಿನ ಮೇಲಿನ ಸುಂಕ ಅದು. ದಹಿಸರ್, ಮುಲುಂಡ್, ಮಾನಖುರ್ದ್‌ಗಳ ಕಡೆಯ ನಾಕಾಗಳಲ್ಲಿ ಲಾರಿಗಳ ಸಾಲನ್ನು ಕಾಣದ ಮುಂಬಯಿಕರನಿರಲಾರ. ಸುಂಕಕ್ಕಿಂತ ಕಾಯುವಿಕೆಯೇ ದುಬಾರಿಯೆಂದು ಲಾರಿಯವರು ಗೊಣಗುತ್ತಿದ್ದರೆ ಅದರಲ್ಲಿ ಅತಿಶಯೋಕ್ತಿ ಹೆಚ್ಚೇನಿರಲಿಲ್ಲ.

ಈಗ ವರ್ತಕನ ಲೆಕ್ಕವನ್ನು ನೋಡೋಣ. ಆತ ತರಿಸಿದ ಸರಕಿನಲ್ಲಿ ಒಂದು ಪಾಲು ಮಾತ್ರ ಮುಂಬಯಿಯಲ್ಲಿ ಮಾರಾಟವಾಗುತ್ತದೆ. ಉಳಿದದ್ದು ನಾಸಿಕಕ್ಕೋ ಸುರತಕ್ಕೋ ಹೋಗಬೇಕು. ಎಲ್ಲವನ್ನೂ ನಗರದೊಳಗೆ ತಂದಿಟ್ಟರೆ ಎಲ್ಲಕ್ಕೂ ಮೊದಲೇ ಸುಂಕ ತೆತ್ತು, ಹೊರಗೆ ಹೋದ ಭಾಗಕ್ಕೆ ಆಮೇಲೆ ಅರ್ಜಿ ಹಾಕಿ ಹಣ ಹಿಂದಕ್ಕೆ ಪಡೆಯಬೇಕು. ಸರಕನ್ನು ಗಡಿಯ ಆಚೆಗೇ ಇಳಿಸಿಕೊಂಡರೆ, ಗಿರಾಕಿ ಸಿಕ್ಕಿದಷ್ಟನ್ನು ಮಾತ್ರ ಒಳಗೆ ತಂದು ಅಷ್ಟಕ್ಕೇ ಸುಂಕ ಕಟ್ಟಬಹುದು. ನಾಸಿಕದ ಹೆದ್ದಾರಿಯ ಆಸುಪಾಸಿನ ಕಾಲ್ಹೇರ್, ಪೂರ್ಣಾ, ರಾಹನಾಳ್, ವಳ್, ದಾಪೋಡೆ ಮೊದಲಾದ ಹಳ್ಳಿಗಳಲ್ಲಿ ನೆಲವೂ ಅಗ್ಗವಾಗಿತ್ತು. ಭತ್ತದ ಗದ್ದೆಗಳಲ್ಲಿ ಒಂದರ ಪಕ್ಕದಲ್ಲೊಂದು ಗೋದಾಮುಗಳು ಎದ್ದವು. 1989ರಲ್ಲಿ ನ್ಹಾವಾ ಶೇವಾ ಬಂದರು ಆರಂಭವಾದ ಮೇಲೆ ಈ ಜಾಗದ ಬೆಲೆ ಇನ್ನೂ ಹೆಚ್ಚಿತು.

ಗಮನಿಸಬೇಕಾದದ್ದೆಂದರೆ, ಈ ಹಳ್ಳಿಗಳು ಯಾವ ರಿಯಾಯಿತಿಯನ್ನೂ ಘೋಷಿಸಿರಲಿಲ್ಲ. ನೆರೆಯೂರಿನಲ್ಲಿದ್ದ ಸುಂಕವೇ ಇವರಿಗೆ ವರವಾಯಿತು. ಬುದ್ಧಿಪೂರ್ವಕವಾಗಿ ಹೂಡಿದ ಯೋಜನೆ ಬೇರೆಯೇ ಇತ್ತು. ಮಹಾರಾಷ್ಟ್ರ ಸರಕಾರವು 1964ರಲ್ಲಿ ಆರಂಭಿಸಿದ ಪ್ರೋತ್ಸಾಹಕ ಯೋಜನೆಯ ಉದ್ದೇಶ, ಮುಂಬಯಿ–ಪುಣೆಗಳಲ್ಲಿ ಗುಂಪುಗೂಡುತ್ತಿದ್ದ ಕಾರಖಾನೆಗಳನ್ನು ಹಿಂದುಳಿದ ತಾಲೂಕುಗಳಿಗೆ ಕಳಿಸುವುದು. ಕಾಲಕ್ರಮದಲ್ಲಿ ಮಾರಾಟ ತೆರಿಗೆಯ ವಿನಾಯಿತಿ, ಆಕ್ಟ್ರಾಯ್‌ನ ಮರುಪಾವತಿ ಮೊದಲಾದವು ಅದರಲ್ಲಿ ಸೇರಿದವು.

ಕೆಲಸದ ಮಾತು? ಭಿವಂಡಿಯಲ್ಲಿ ಕೆಲಸಗಳೇನೋ ಬಂದವು. ಹಮಾಲರು, ಗುಮಾಸ್ತರು, ಚಾಲಕರು, ಕಾವಲುಗಾರರು ಸಾವಿರಗಟ್ಟಲೆ ಬೇಕಾದರು. ಆದರೆ ಅವುಗಳಲ್ಲಿ ಹೊಸದಾಗಿ ಹುಟ್ಟಿದವೆಷ್ಟು, ಮುಂಬಯಿಯ ಹಳೆಯ ಗೋದಾಮುಗಳಿಂದ ಎದ್ದು ಹೋದವೆಷ್ಟು? ಒಂದು ಊರಿನ ಜಮಾ ಇನ್ನೊಂದು ಊರಿನ ಖರ್ಚಾಗಿದ್ದರೆ ಒಟ್ಟು ಲೆಕ್ಕದಲ್ಲಿ ಲಾಭವೇನೂ ಇಲ್ಲ. ರಿಯಾಯಿತಿ ಕೊಡುವ ಸರಕಾರಗಳು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ; ಉದ್ಘಾಟನೆಯ ದಿನ ಹೇಳಿದ ಕೆಲಸಗಳ ಸಂಖ್ಯೆಯನ್ನು ಹತ್ತು ವರ್ಷಗಳ ಅನಂತರ ಮತ್ತೆ ಎಣಿಸುವವರು ಇನ್ನೂ ಅಪರೂಪ. ಎಂತಹ ಕೆಲಸ ಎಂಬುದೂ ಮುಖ್ಯ. ಹಮಾಲರ ಕೂಲಿ, ಭವಿಷ್ಯನಿಧಿಗಳ ರಕ್ಷಣೆಗೆಂದು ಮಹಾರಾಷ್ಟ್ರದಲ್ಲಿ 1969ರಿಂದ ಮಾಥಾಡಿ ಕಾಯಿದೆಯಿದೆ. ಆದರೆ ಮಂಡಳಿಯಲ್ಲಿ ಹೆಸರು ದಾಖಲಾಗದ ಕೂಲಿಯಾಳಿಗೆ ಅದು ಕಾಗದದ ರಕ್ಷಣೆಯಷ್ಟೇ. ಅನುಮತಿಯಿಲ್ಲದೆ ಎದ್ದ ಗೋದಾಮುಗಳೂ ಅಲ್ಲಿ ಬಹಳ. ಇಕ್ಕಟ್ಟಿನ ದಾರಿಯಲ್ಲಿ ಬೆಂಕಿಯ ಬಂಬು ಸಾಗುವುದೇ ಕಷ್ಟ.

2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದು ಮುಂಬಯಿಯ ಆಕ್ಟ್ರಾಯ್ ರದ್ದಾಯಿತು. (ಕರ್ನಾಟಕ ಅದನ್ನು 1979ರಲ್ಲಿಯೇ ಕೈಬಿಟ್ಟು ಪ್ರವೇಶ ತೆರಿಗೆಯನ್ನು ತಂದಿತ್ತು, ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಈಗ ಹೆಸರು ಮಾತ್ರ ಉಳಿದಿದೆ.) ಸುಂಕದ ಭೇದ ಹೋದ ಮೇಲೆ ಭಿವಂಡಿ ಬರಿದಾಗಬೇಕಿತ್ತಲ್ಲವೇ? ಆಗಲಿಲ್ಲ, ಬೆಳೆಯಿತು. ಅಂತರಜಾಲದ ಮೂಲಕ ಮಾರುವ ದೊಡ್ಡ ಕಂಪನಿಗಳೂ ಅಲ್ಲಿಯೇ ಗೋದಾಮು ಹಿಡಿದವು. ಲಾರಿ, ಆಳು, ದಲ್ಲಾಳಿ, ರಿಪೇರಿಯವನು ಎಲ್ಲರೂ ಒಂದೆಡೆ ನೆಲೆಸಿದ ಮೇಲೆ, ಮೊದಲು ಕರೆತಂದ ಕಾರಣ ಅಳಿದರೂ ಊರು ಅಳಿಯುವುದಿಲ್ಲ.

ರಿಯಾಯಿತಿಗಳೂ ಅಳಿಯಲಿಲ್ಲ, ವೇಷ ಬದಲಿಸಿದವು. ಜಿ.ಎಸ್.ಟಿ.ಯಲ್ಲಿ ಒಂದು ರಾಜ್ಯ ತನ್ನಿಷ್ಟದಂತೆ ಯಾವ ಕಾರಖಾನೆಗೂ ವಿನಾಯಿತಿ ಕೊಡುವಂತಿಲ್ಲ. ಆದ್ದರಿಂದ ಕಟ್ಟಿದ ತೆರಿಗೆಯ ಆಧಾರದ ಮೇಲೆ ಸಹಾಯಧನ ಕೊಡಲಾಗುತ್ತದೆ, ಮುದ್ರಾಂಕ ಶುಲ್ಕವನ್ನೂ ವಿದ್ಯುತ್ ಸುಂಕವನ್ನೂ ಬಿಡಲಾಗುತ್ತದೆ. ಇತ್ತ ಮುಂಬಯಿ ಪಾಲಿಕೆಯು ತನ್ನ ಕೈಯಿಂದಲೇ ವಸೂಲು ಮಾಡುತ್ತಿದ್ದ ಅತಿದೊಡ್ಡ ಆದಾಯವನ್ನು ಕಳೆದುಕೊಂಡು, ಅದರ ಬದಲಿಗೆ ರಾಜ್ಯ ಸರಕಾರ 2017ರ ಕಾಯಿದೆಯ ಪ್ರಕಾರ ಕೊಡುವ ಪರಿಹಾರಧನದ ದಾರಿ ನೋಡುವಂತಾಯಿತು.