ಕೌದಿಯ ಮೇಲೆ ನಿಮ್ಮ ಹೆಸರು

ಹಳೆ ಸೀರೆಗಳಿಂದ ಕೌದಿ ಹೊಲಿಯುತ್ತೀರಿ. ಹೊಲಿದವರ ಹೆಸರು ಅದರ ಮೇಲೆ ಇರುತ್ತದೆಯೇ? ಇಲ್ಲ. ಈಗ ನಿಮಗೆ ಬರೆಯಲು ಬರುತ್ತದಲ್ಲ! ಮಕ್ಕಳ ಮೇಣದ ಬಣ್ಣದ ಕಡ್ಡಿ ಸಾಕು.

ಬಿಳಿ ಹತ್ತಿ ಬಟ್ಟೆಯ ತುಂಡು ತಗೊಳ್ಳಿ. ಗಂಜಿ ಹೋಗುವಂತೆ ಒಗೆದು ಒಣಗಿಸಿ. ಕಡ್ಡಿಯನ್ನು ಒತ್ತಿ ಹಿಡಿದು ಹೆಸರು ಬರೆಯಿರಿ. ಸುತ್ತ ಹೂವು, ಬಳ್ಳಿ ಬಿಡಿಸಿ.

ಬಟ್ಟೆಯ ಕೆಳಗೊಂದು, ಮೇಲೊಂದು ಬಿಳಿ ಕಾಗದ ಇಡಿ. ಸುದ್ದಿಪತ್ರಿಕೆ ಬೇಡ, ಅದರ ಮಸಿ ಹತ್ತುತ್ತದೆ. ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಎತ್ತಿ. ಉಜ್ಜಬೇಡಿ, ಬಣ್ಣ ಹರಡುತ್ತದೆ. ಬಿಸಿಗೆ ಮೇಣ ಕರಗುತ್ತದೆ. ಕಾಗದ ಅದನ್ನು ಹೀರುತ್ತದೆ. ಬಣ್ಣ ಬಟ್ಟೆಯಲ್ಲೇ ಉಳಿಯುತ್ತದೆ.

ಈ ತುಂಡನ್ನು ಕೌದಿಗೆ ಸೇರಿಸಿ ಹೊಲಿಯಿರಿ. ಒಗೆಯುವಾಗ ತಣ್ಣೀರೇ ಇರಲಿ. ಅಕ್ಷರಗಳ ಮೇಲೆ ದಾರದ ಹೊಲಿಗೆಯನ್ನೂ ಹಾಕಿ. ಬಣ್ಣ ಮಾಸಿದರೂ ಹೆಸರು ಉಳಿಯುತ್ತದೆ.