ಒಂದು ದಿನದ ಹಬ್ಬ ಸಾಕೇ? ಧಾರವಾಡದಿಂದ ನಮ್ಮ ಸಂಘ ಕಲಿಯಬಹುದಾದದ್ದು



ಕಳೆದ ರಾಜ್ಯೋತ್ಸವದ ಲೆಕ್ಕಪತ್ರ ಬರೆದು ಮುಗಿಸುವಾಗ ಎರಡು ಸಂಗತಿಗಳು ನಮ್ಮ ಗಮನಕ್ಕೆ ಬಂದವು. ಒಂದು, ವರ್ಷದ ವಂತಿಗೆಯಲ್ಲಿ ಬಹುಪಾಲು ಆ ಒಂದೇ ದಿನದ ಶಾಮಿಯಾನ, ಮೈಕ್ ಸೆಟ್, ಕುರ್ಚಿ, ಶಾಲು, ಹಾರ ಮತ್ತು ಊಟಕ್ಕೆ ಖರ್ಚಾಗಿದೆ. ಎರಡು, ಅಂದು ನಾಟಕದಲ್ಲಿ ಪಾತ್ರ ಮಾಡಿದ ಡಿಗ್ರಿ ಓದುವ ಹುಡುಗನೊಬ್ಬ ತನ್ನ ನೋಟ್‌ಬುಕ್ ಮರೆತು ಹೋಗಿದ್ದ. ತೆರೆದು ನೋಡಿದೆವು. ಮಾತುಗಳೆಲ್ಲ ಕನ್ನಡ, ಅಕ್ಷರಗಳೆಲ್ಲ ತೆಲುಗು.

ಹುಡುಗನನ್ನು ಆಕ್ಷೇಪಿಸುವಂತಿಲ್ಲ. ಮನೆಯಲ್ಲಿ ಕನ್ನಡ ಆಡುತ್ತಾನೆ, ಶಾಲೆಯಲ್ಲಿ ತೆಲುಗು ಓದಿದ್ದಾನೆ. ತೆಲುಗು ನಮಗೆ ಪರಭಾಷೆಯೂ ಅಲ್ಲ. ಅದು ನಮ್ಮ ನೆರೆಮನೆಯ ಭಾಷೆ, ಕಚೇರಿಯ ಭಾಷೆ, ಅನ್ನ ಕೊಟ್ಟ ಭಾಷೆ. ಆದರೆ ಒಂದು ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಈ ಹುಡುಗನಿಗೆ ಮಾತು ಉಳಿದಿದೆ, ಅಕ್ಷರ ಹೋಗಿದೆ. ಅವನ ಮಕ್ಕಳಿಗೆ ಏನು ಉಳಿದೀತು? ವರ್ಷಕ್ಕೊಂದು ದಿನ ಧ್ವಜ ಹಾರಿಸಿ, ಊಟ ಹಾಕಿ ಕಳಿಸಿದರೆ ನಮ್ಮ ಕೆಲಸ ಮುಗಿಯಿತೇ?

ಹಿರಿಯರಿಗೆ ತಿಳಿದ ಚರಿತ್ರೆಯನ್ನು ಕಿರಿಯರಿಗಾಗಿ ಒಮ್ಮೆ ನೆನಪಿಸುತ್ತೇವೆ. 1953ರ ಅಕ್ಟೋಬರ್ 1ರವರೆಗೆ ಆಲೂರು, ಆದೋನಿ ತಾಲೂಕುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಂದು ಆಂಧ್ರ ರಾಜ್ಯ ಹುಟ್ಟಿತು. ಆಲೂರು, ಆದೋನಿ, ರಾಯದುರ್ಗ ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ ಮೊದಲಾದ ಉಳಿದ ತಾಲೂಕುಗಳು ಮೈಸೂರಿಗೆ ಹೋದವು. 1926ರಲ್ಲಿ ಫ.ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ, 1938ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿ ಬಳ್ಳಾರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅದು ನಮ್ಮದೇ ಜಿಲ್ಲಾ ಕೇಂದ್ರ. ಈಗ ಬಳ್ಳಾರಿ ಬಸ್ಸು ಹತ್ತಿ ಹೋಗಿ ಬರುವ ಪಕ್ಕದ ರಾಜ್ಯದ ಊರು. ಸರ್ಕಾರ, ಕಚೇರಿ, ಕಾಲೇಜು ಬೇರೆ ಭಾಷೆಯಲ್ಲಿರುವಾಗ ಕನ್ನಡದ ಕೆಲಸ ಹೇಗೆ ಮಾಡಬೇಕು ಎಂಬುದೇ ಈಗ ನಮ್ಮ ಮುಂದಿರುವ ಪ್ರಶ್ನೆ.

ಇದೇ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ ಎದುರಿಸಿದ ಊರು ಧಾರವಾಡ. ಇಂದು ಧಾರವಾಡವೆಂದರೆ ವಿಶ್ವವಿದ್ಯಾಲಯ, ಸಂಗೀತ, ಸಾಹಿತ್ಯ ಎಂದು ಎಲ್ಲರೂ ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಮುಂಬೈ ಪ್ರಾಂತ್ಯದಲ್ಲಿತ್ತು, ಶಾಲೆ ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ತೆರೆಯಿಸಲು ಶ್ರಮಿಸಿದರು. ಅವರು 1881ರಲ್ಲಿ ತೀರಿಕೊಂಡರು. ಮುಂದಿನ ಕೆಲಸ ಜನರ ಕೈಗೆ ಬಂತು. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ನಾವು ಪ್ರತಿ ಸಭೆಯ ಕೊನೆಗೆ ಕೂಗುವ ‘ಸಿರಿಗನ್ನಡಂ ಗೆಲ್ಗೆ’ ಎಂಬ ಘೋಷಣೆ ಕೊಟ್ಟವರು ಅವರೇ.

ಆ ಸಂಘ ಮಾಡಿದ್ದು ಘೋಷಣೆಯನ್ನಷ್ಟೇ ಅಲ್ಲ. ಕನ್ನಡ ಪುಸ್ತಕ ಬರೆದವರಿಗೆ ಪ್ರೋತ್ಸಾಹ ಕೊಟ್ಟಿತು. 1896ರಲ್ಲಿ ‘ವಾಗ್ಭೂಷಣ’ ಪತ್ರಿಕೆ ಹೊರಡಿಸಿತು. ಆಲೂರು ವೆಂಕಟರಾಯರಂಥವರು ಅಲ್ಲಿ ಬೆಳೆದು ನಿಂತರು. (ಅವರ ಹೆಸರಿನ ಆಲೂರು ನಮ್ಮ ತಾಲೂಕಿನ ಆಲೂರಲ್ಲ. ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ಅದಕ್ಕೇ ಬರೆದೆವು.) ಸಂಘ ಹುಟ್ಟಿದಾಗ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಇರಲಿಲ್ಲ. ಅದು ಬಂದದ್ದು 1917ರಲ್ಲಿ. ವಿಶ್ವವಿದ್ಯಾಲಯ ಬಂದದ್ದು 1950ರ ಹೊತ್ತಿಗೆ. ಅಂದರೆ ಕಾಲೇಜು ಬರಲಿ, ಆಮೇಲೆ ನೋಡೋಣ ಎಂದು ಅವರು ಕಾಯಲಿಲ್ಲ.

ಕಾಲೇಜು ಬಂದ ಮೇಲೆ ಮತ್ತೊಂದು ಬದಲಾವಣೆಯಾಯಿತು. 1920ರ ದಶಕದಲ್ಲಿ ದ.ರಾ. ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಸೇರಿತು. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ ಮೊದಲಾದವರು ಅದರಲ್ಲಿದ್ದರು. ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದ ವಿ.ಕೃ. ಗೋಕಾಕರೂ ಬೇಂದ್ರೆಯವರ ಸಹವಾಸದಿಂದ ಕನ್ನಡಕ್ಕೆ ಬಂದರು. ಇದೇ ಗುಂಪು 1926ರಲ್ಲಿ ನವರಾತ್ರಿಯ ದಿನಗಳಲ್ಲಿ ನಾಡಹಬ್ಬವನ್ನು ಆರಂಭಿಸಿತು. ಹಬ್ಬ ಎಂದರೂ ಅದರ ಉದ್ದೇಶ ನಾಡಿನ ಸಂಸ್ಕೃತಿಯನ್ನು ಅರಿಯುವುದು. ಆ ಪದ್ಧತಿ ಬೇರೆ ಊರುಗಳಿಗೂ ಹಬ್ಬಿತು.

ಮೂರನೆಯ ಉದಾಹರಣೆ ಮನೋಹರ ಗ್ರಂಥಮಾಲೆ. 1933ರಲ್ಲಿ ಜಿ.ಬಿ. ಜೋಶಿಯವರು ಸ್ನೇಹಿತರೊಡನೆ ಆರಂಭಿಸಿದ ಪ್ರಕಾಶನ ಅದು. ಚಂದಾದಾರರು ಹಣ ಕೊಡುವುದು, ಅವರಿಗೆ ಪುಸ್ತಕ ಕಳಿಸುವುದು, ಹೀಗೆ ಅದು ನಡೆಯಿತು. ಅದರ ಕಚೇರಿ ಒಂದು ಅಟ್ಟ. ಆ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಜೊತೆ ಎಳೆಯರೂ ಕೂತು ಹರಟುತ್ತಿದ್ದರು. ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ಯನ್ನು 1961ರಲ್ಲಿ ಪ್ರಕಟಿಸಿದ್ದು ಈ ಗ್ರಂಥಮಾಲೆಯೇ.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗುಟ್ಟು ಕಷ್ಟದ್ದಲ್ಲ. ಸೇರಲು ಒಂದು ಖಾಯಂ ಜಾಗ. ತಪ್ಪದೆ ಬರುವ ಸಣ್ಣ ಹಣ. ಹಿರಿಯರ ಪಕ್ಕದಲ್ಲಿ ಕಾಲೇಜು ಹುಡುಗರಿಗೆ ಕುರ್ಚಿ, ಕೈಯಲ್ಲಿ ಕೆಲಸ. ಈ ಮೂರೂ ಇದ್ದಲ್ಲಿ ಕಾರ್ಯಕ್ರಮ ತಾನಾಗಿ ನಡೆಯುತ್ತದೆ.

ಹಣದ ಬಗ್ಗೆ ಇನ್ನೊಂದು ಮಾತು. ಗುಮಾಸ್ತಿಕೆ ಮಾಡಿದವರಿಗೆ ಈ ವಿಷಯ ಬಿಡಲಾಗುವುದಿಲ್ಲ. ವಿದ್ಯಾವರ್ಧಕ ಸಂಘದಲ್ಲಿ, ಸಾಹಿತ್ಯ ಪರಿಷತ್ತಿನಲ್ಲಿ ‘ದತ್ತಿ ಉಪನ್ಯಾಸ’ ಎಂದು ಕೇಳಿರುತ್ತೀರಿ. ಒಂದು ಮನೆಯವರು ತಮ್ಮ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಒಂದು ಮೊತ್ತ ಕೊಡುತ್ತಾರೆ. ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತಾರೆ. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಮಾತ್ರ ವರ್ಷಕ್ಕೊಂದು ಉಪನ್ಯಾಸವೋ ಸಂಗೀತವೋ ನಡೆಯಬೇಕು. ಕಾರ್ಯದರ್ಶಿ ಬದಲಾದರೂ ಕಾರ್ಯಕ್ರಮ ನಿಲ್ಲುವುದಿಲ್ಲ. ನಮ್ಮಲ್ಲಿ ಶಾಮಿಯಾನಕ್ಕೆ ಕೊಟ್ಟ ಹಣ ಮರುದಿನ ಬೆಳಿಗ್ಗೆ ಬಿಚ್ಚಿಕೊಂಡು ಹೋಗುತ್ತದೆ.

ಧಾರವಾಡ ಎಲ್ಲಿ, ನಮ್ಮ ಮಂಡಲ ಕೇಂದ್ರ ಎಲ್ಲಿ ಎಂದು ಕೆಲವರು ಕೇಳಬಹುದು. ಸರಿಯಾದ ಮಾತೇ. ನಮಗೆ ವಿಶ್ವವಿದ್ಯಾಲಯವಿಲ್ಲ. ಗಡಿ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಆದರೆ ಹತ್ತನೆಯ ತರಗತಿ ಆದ ಮೇಲೆ ಮಕ್ಕಳು ಆಲೂರು, ಆದೋನಿಗೆ ಹೋದರೆ ಓದು ತೆಲುಗು ಇಲ್ಲವೇ ಇಂಗ್ಲಿಷಿಗೆ ತಿರುಗುತ್ತದೆ. ಕೆಲವರು ಬಳ್ಳಾರಿ, ಸಿರುಗುಪ್ಪ ದಾಟುತ್ತಾರೆ. ಆದರೆ ನಮ್ಮ ಬುತ್ತಿ ಖಾಲಿಯಿಲ್ಲ. ಕೌತಾಳಂನ ಗುರುಜಗನ್ನಾಥದಾಸರು ಕನ್ನಡದಲ್ಲಿ ಪದ ಕಟ್ಟಿದವರು, ನಮ್ಮ ನೆಲದವರು. ಬಯಲಾಟ ನಮ್ಮ ಹಳ್ಳಿಗಳಿಗೆ ಹೊಸದಲ್ಲ. 1946ರಲ್ಲಿ ತೀರಿಕೊಂಡ ಬಳ್ಳಾರಿ ರಾಘವರು ವೃತ್ತಿಯಲ್ಲಿ ವಕೀಲರು, ರಂಗದ ಮೇಲೆ ತೆಲುಗು ಕನ್ನಡ ಎರಡರಲ್ಲೂ ಹೆಸರಾದವರು. ಒಂದು ಭಾಷೆಗಾಗಿ ಇನ್ನೊಂದನ್ನು ಬಿಡಬೇಕಿಲ್ಲ ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಡ.

ಅಕ್ಷರದ ಕೆಲಸ ನಾವು ಹೆದರುವಷ್ಟು ದೊಡ್ಡದಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದಿಂದ ಬಂದವು. ಗ, ದ, ಬ, ರ, ಲ ಮೊದಲಾದ ಅಕ್ಷರಗಳಲ್ಲಿ ತಲೆಕಟ್ಟಿನ ವ್ಯತ್ಯಾಸ ಬಿಟ್ಟರೆ ಹೆಚ್ಚೂಕಡಿಮೆ ಒಂದೇ ರೂಪ. ಕ, ತ, ಶ ಇಂಥ ಕೆಲವನ್ನು ಮಾತ್ರ ಹೊಸದಾಗಿ ಕಲಿಯಬೇಕು. ಮನೆಯಲ್ಲಿ ಕನ್ನಡ ಆಡುವ, ತೆಲುಗು ಓದಬಲ್ಲ ಹುಡುಗನಿಗೆ ಇದು ಕೆಲವೇ ವಾರಗಳ ಅಭ್ಯಾಸ.

ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಈ ಸಲಹೆಗಳನ್ನು ಇಡುತ್ತಿದ್ದೇವೆ:

1. ವಂತಿಗೆಯ ಅರ್ಧ ಭಾಗವನ್ನು ಮಾತ್ರ ರಾಜ್ಯೋತ್ಸವಕ್ಕೆ ಖರ್ಚು ಮಾಡುವುದು. ಶಾಲು ಹಾರಗಳನ್ನು ಕಡಿಮೆ ಮಾಡುವುದು.

2. ಪ್ರತಿ ತಿಂಗಳ ಎರಡನೆಯ ಭಾನುವಾರ ಸಂಜೆ ಒಂದು ಗಂಟೆಯ ಕಾರ್ಯಕ್ರಮ ನಡೆಸುವುದು: ದಾಸರ ಪದ, ಬಯಲಾಟದ ಒಂದು ಪ್ರಸಂಗ, ಪುಸ್ತಕ ಓದು, ಯಾವುದಾದರೂ ಸರಿ. ಜಾಗ ಒಂದೇ ಇರಬೇಕು. ಹತ್ತು ಜನ ಬಂದರೂ ನಡೆಯಬೇಕು.

3. ಆದೋನಿ, ಆಲೂರು, ಬಳ್ಳಾರಿ ಕಾಲೇಜುಗಳಲ್ಲಿ ಓದುವ ಇಬ್ಬರು ವಿದ್ಯಾರ್ಥಿಗಳನ್ನು ಕಾರ್ಯಕಾರಿ ಮಂಡಳಿಗೆ ತೆಗೆದುಕೊಳ್ಳುವುದು. ಕುರ್ಚಿ ಹಾಕಲು ಅಲ್ಲ, ಕಾರ್ಯಕ್ರಮ ನಿರ್ಧರಿಸಲು.

4. ನಾಟಕದ ತಾಲೀಮಿಗೆ ಮೊದಲು ಇಪ್ಪತ್ತು ನಿಮಿಷ ಅಕ್ಷರಾಭ್ಯಾಸ.

5. ನವರಾತ್ರಿಯಲ್ಲಿ ಎರಡು ದಿನ ನಾಡಹಬ್ಬ. ವಿಜಯದಶಮಿ ರಾತ್ರಿ ದೇವರಗಟ್ಟಿನ ಬನ್ನಿ ಉತ್ಸವಕ್ಕೆ ಎಲ್ಲರೂ ಹೊರಡುವುದರಿಂದ ಅದಕ್ಕೆ ಮೊದಲೇ ಮುಗಿಸುವುದು.

6. ಸಣ್ಣ ಮೊತ್ತದ್ದಾದರೂ ಒಂದು ದತ್ತಿ ಆರಂಭಿಸುವುದು.

ನಮಗೆ ಅರವತ್ತು ದಾಟಿದೆ. ಖಾತೆ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಡುವ ಕಾಲ ಹತ್ತಿರ ಬಂದಿದೆ. ತೆಗೆದುಕೊಳ್ಳುವವರಿಗೆ ಅದರಲ್ಲಿ ಬರೆದದ್ದನ್ನು ಓದಲು ಬರಬೇಕು, ಅಷ್ಟೇ ನಮ್ಮ ಆಸೆ. ಆ ಹುಡುಗನ ನೋಟ್‌ಬುಕ್ ನಮ್ಮಲ್ಲೇ ಇದೆ. ಎಡಬದಿಯ ಹಾಳೆಗಳು ಖಾಲಿ ಇವೆ. ವಾಪಸು ಕೊಡುವಾಗ ಅದೇ ಮಾತುಗಳನ್ನು ಅಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಪ್ಪಾ, ಜೊತೆಗೆ ಕೂರುತ್ತೇವೆ ಎಂದು ಹೇಳಬೇಕೆಂದಿದ್ದೇವೆ.

ಸದಸ್ಯರು ದಯವಿಟ್ಟು ಸಭೆಗೆ ಬಂದು ಅಭಿಪ್ರಾಯ ತಿಳಿಸಬೇಕು. ಒಪ್ಪದಿದ್ದವರು ಮೊದಲು ಬರಬೇಕು. ಬರುವಾಗ ಕಾಲೇಜಿಗೆ ಹೋಗುವ ಮಕ್ಕಳನ್ನೂ ಕರೆತನ್ನಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಹಾಲಹರವಿ