ಕಲ್ಲು ಸೀಳುವ ಬೆಂಕಿ

ಹಂಪಿಯ ಬಂಡೆಗಳನ್ನು ಯಾವುದೋ ಮೂಲಿಕೆಯ ರಸ ಹಾಕಿ ಮೆತ್ತಗೆ ಮಾಡಿ ಕತ್ತರಿಸಿದರಂತೆ, ನಿಜವೇ ಎಂದು ಶಿಡ್ಲಘಟ್ಟದ ಓದುಗರೊಬ್ಬರು ವಿಡಿಯೊ ಕಳಿಸಿ ಕೇಳಿದ್ದಾರೆ. ಚಿಕ್ಕಬಳ್ಳಾಪುರದ ಕಡೆ ಬಂಡೆ ಕೆಲಸ ಮಾಡಿದ ಹಿರಿಯರು ಇದನ್ನು ಕೇಳಿದರೆ ನಕ್ಕಾರು. ಹಂಪಿಯ ಬಂಡೆಗಳ ಮೇಲೆ ಇಂದಿಗೂ ಸಾಲಾಗಿ ಕಾಣುವ ಗುಳಿಗಳು ಬೆಣೆ ಹೊಡೆದ ಗುರುತುಗಳು, ಅಷ್ಟೆ.

ಬೆಣೆಗಿಂತ ಸೊಗಸಾದ ಉಪಾಯ ಬೆಂಕಿ. ಬೆಂಗಳೂರಿನ ಸುತ್ತಿನ ಕಲ್ಲು ಕೆಲಸದವರು ಅದನ್ನು ಬಳಸುವ ಬಗೆಯನ್ನು 1895ರಲ್ಲಿ ಎಚ್. ವಾರ್ತ್ ಎಂಬವರು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದ್ದರು. ಬೋಳು ಬಂಡೆಯ ಮೇಲೆ ಒಣ ಸೌದೆಯನ್ನು ಸಾಲಾಗಿ ಇಟ್ಟು ಉರಿಸುವುದು, ಬೆಂಕಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನೋಡುವುದು. ಸದ್ದು ಬದಲಾದರೆ ಅಡಿಯ ಪದರ ಬಿಟ್ಟುಕೊಂಡಿದೆ ಎಂದರ್ಥ. ಆಗ ಬೆಂಕಿಯನ್ನು ಕೆಲವು ಅಂಗುಲ ಮುಂದಕ್ಕೆ ತಳ್ಳಬೇಕು. ಆತುರ ಸಲ್ಲದು. ಹೀಗೆ ತಳ್ಳುತ್ತಾ ಹೋದರೆ ಅಂಗಳದಷ್ಟಗಲದ ಚಪ್ಪಡಿ ಒಂದೇ ತುಂಡಾಗಿ ಏಳುತ್ತದೆ, ಹೆಂಚಿನ ಮೇಲೆ ರೊಟ್ಟಿಯ ಪದರ ಎದ್ದಂತೆ. ರೊಟ್ಟಿಯನ್ನು ಎಬ್ಬಿಸುವುದು ಆವಿ. ಇಲ್ಲಿ ಆವಿಯ ಕೆಲಸವಿಲ್ಲ. ಗ್ರಾನೈಟಿನೊಳಗೆ ಶಾಖ ನಿಧಾನವಾಗಿ ಇಳಿಯುವುದರಿಂದ ಮೇಲ್ಪದರ ಕಾದು ಹಿಗ್ಗುತ್ತದೆ, ತಣ್ಣಗಿರುವ ಅಡಿಪದರ ಹಿಗ್ಗುವುದಿಲ್ಲ. ಜಗ್ಗಾಟದಲ್ಲಿ ನಡುವೆ ಬಿರುಕು ಓಡುತ್ತದೆ. ಕಲ್ಲಿನಲ್ಲಿರುವ ಕ್ವಾರ್ಟ್ಜ್ ಹರಳು ಇತರ ಖನಿಜಗಳಿಗಿಂತ ಹೆಚ್ಚು ಹಿಗ್ಗುತ್ತದೆ. ಶಾಖ 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದರಂತೂ ಅದರ ರಚನೆಯೇ ಬದಲಾಗುತ್ತದೆ.

ಆಫ್ರಿಕದ ಗ್ರೇಟ್ ಜಿಂಬಾಬ್ವೆ ಎಂಬ ಕಲ್ಲಿನ ಪಟ್ಟಣವನ್ನು ಕಟ್ಟಿದವರಿಗೂ ಈ ವಿದ್ಯೆ ಗೊತ್ತಿತ್ತು. ಅಲ್ಲಿಯೂ ನಮ್ಮ ನಂದಿ ಬೆಟ್ಟದಂಥ ಬೋಳುಗುಡ್ಡಗಳು ಬಿಸಿಲಿಗೆ ತಾವಾಗಿ ಪದರು ಬಿಡುತ್ತಿದ್ದವು, ಮಿಕ್ಕದ್ದಕ್ಕೆ ಬೆಂಕಿಯಿತ್ತು. ಗಾರೆಯಿಲ್ಲದೆ ಸುಮಾರು 11 ಮೀಟರ್ ಎತ್ತರದ ಗೋಡೆ ಎಬ್ಬಿಸಿದರು. 1871ರಲ್ಲಿ ಅಲ್ಲಿಗೆ ಹೋದ ಜರ್ಮನಿಯ ಕಾರ್ಲ್ ಮೌಖ್ ಇದು ಬೈಬಲಿನ ಶೀಬಾ ರಾಣಿಯದಿರಬೇಕು ಎಂದುಬಿಟ್ಟ! ಸ್ಥಳೀಯರೇ ಕಟ್ಟಿದ್ದು ಎಂದು 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅಗೆದು ತೋರಿಸಿದರೂ ಅಲ್ಲಿನ ಬಿಳಿಯರ ಸರ್ಕಾರಕ್ಕೆ ರುಚಿಸಲಿಲ್ಲ. ಮೂಲಿಕೆಯ ರಸದ ಕಥೆಗೂ ಈ ರಾಣಿಯ ಕಥೆಗೂ ನನಗೇನೂ ವ್ಯತ್ಯಾಸ ಕಾಣದು. ಎರಡರಲ್ಲೂ ಕಲ್ಲು ಒಡೆದವನಿಗೆ ಜಾಗವಿಲ್ಲ.

ಜಿಂಬಾಬ್ವೆಯ ಆ ಪಟ್ಟಣ 15ನೇ ಶತಮಾನದಲ್ಲಿ ಮೆಲ್ಲಗೆ ಬರಿದಾಯಿತು. ಹಂಪಿಗೆ ಅಷ್ಟು ಪುರುಸೊತ್ತು ಸಿಗಲಿಲ್ಲ. 1565ರ ತಾಳಿಕೋಟೆ ಯುದ್ಧದ ನಂತರ ಗೆದ್ದವರು ಅಲ್ಲಿನ ವಿಠ್ಠಲ ದೇವಾಲಯದಲ್ಲಿ ದೊಡ್ಡ ಬೆಂಕಿ ಹಾಕಿದರೆಂದು ರಾಬರ್ಟ್ ಸಿವೆಲ್ 1900ರಲ್ಲಿ ಬರೆದ. ಚಪ್ಪಡಿ ಎಬ್ಬಿಸುವ ಶಾಖವೇ ಕಂಬದ ಮೈಯಿಂದಲೂ ಚಕ್ಕೆ ಎಬ್ಬಿಸಬಲ್ಲದು. ಅರಮನೆಗಳ ಮೇಲ್ಭಾಗ ಮರದ್ದಾಗಿತ್ತು. ಅದು ಹೋಗಿ ಈಗ ಉಳಿದಿರುವುದು ಕಲ್ಲಿನ ಜಗಲಿಗಳು ಮಾತ್ರ. ವಿಜಯನಗರದ ತಿರುಮಲರಾಯ ರಾಜಧಾನಿಯನ್ನು ಪೆನುಕೊಂಡಕ್ಕೆ, ಅಂದರೆ ನಮ್ಮ ಗೌರಿಬಿದನೂರಿನಿಂದ ಹಿಂದೂಪುರ ದಾಟಿದರೆ ಸಿಗುವ ಗುಡ್ಡದ ಬುಡಕ್ಕೆ, ಸಾಗಿಸಿದ. ಹಂಪಿಯ 'ತುರ್ತು' ಎಂಬ ಕಾಲುವೆಯನ್ನು ಮಾತ್ರ ಯಾರೂ ಸಾಗಿಸಲಿಲ್ಲ. ಅದರ ನೀರಲ್ಲಿ ಇಂದಿಗೂ ಬಾಳೆ ಬೆಳೆಯುತ್ತಾರೆ.